ಮಣ್ಣಿನ ಚೂರುಗಳ ಸಾಕ್ಷ್ಯ

ಇತಿಹಾಸಕಾರರು ಶಾಸನ, ನಾಣ್ಯ, ಕಾಗದಪತ್ರಗಳನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಆದರೆ ಬಂದರಿನಲ್ಲಿ ಮೂಟೆ ಹೊತ್ತವರೂ ಹೆಂಚು ಸುಟ್ಟವರೂ ಶಾಸನಗಳನ್ನು ಕೆತ್ತಿಸಲಿಲ್ಲ. ಅವರ ಬಾಳನ್ನು ಅರಿಯಲು ಒಡೆದ ಮಣ್ಣಿನ ವಸ್ತುಗಳು ಬಹಳ ನೆರವಾಗುತ್ತವೆ.

ಐರೋಪ್ಯರು ನೆಲೆಸಿದ ಅನೇಕ ಹಳೆಯ ಬಂದರುಗಳಲ್ಲಿ ನೆಲವನ್ನು ಅಗೆದಾಗ ಬಿಳಿಯ ಮಣ್ಣಿನ ಚಿಲುಮೆಗಳ ತುಂಡುಗಳು ದೊರೆಯುತ್ತವೆ. ಇವು ಹೊಗೆಸೊಪ್ಪು ಸೇದುವ ಅಗ್ಗದ ಸಾಧನಗಳು; ಬೇಗನೆ ಒಡೆದು ಕಸದ ರಾಶಿಯನ್ನು ಸೇರುತ್ತಿದ್ದವು. ಆದುದರಿಂದ ತಯಾರಾದ ಕಾಲಕ್ಕೂ ಎಸೆದ ಕಾಲಕ್ಕೂ ಹೆಚ್ಚಿನ ಅಂತರವಿರುವುದಿಲ್ಲ. ಇಂಗ್ಲಿಷ್ ಚಿಲುಮೆಗಳ ಕೊಳವೆಯ ರಂಧ್ರವು ಕಾಲಕ್ರಮದಲ್ಲಿ ಕಿರಿದಾಗುತ್ತ ಬಂದುದನ್ನು ೧೯೫೪ರಲ್ಲಿ ಅಮೆರಿಕದ ಪುರಾತತ್ತ್ವಜ್ಞ ಹ್ಯಾರಿಂಗ್ಟನ್ ಅವರು ತೋರಿಸಿಕೊಟ್ಟರು. ೧೬೨೦ರಿಂದ ೧೬೫೦ರ ಅವಧಿಯಲ್ಲಿ ಅದು ಹೆಚ್ಚಾಗಿ ಅಂಗುಲದ ಎಂಟರಲ್ಲೊಂದು ಭಾಗ. ೧೭೫೦ರ ತರುವಾಯ ಹದಿನಾರರಲ್ಲೊಂದು ಭಾಗ.

ನಮ್ಮ ಬಂದರಾದ ಮಂಗಳೂರಿನಲ್ಲಿ ಇಂತಹ ಸಾಕ್ಷ್ಯವನ್ನು ಒದಗಿಸುವ ವಸ್ತು ಹೆಂಚು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಅವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನದೀತೀರದ ಜೇಡಿಮಣ್ಣು ಹೆಂಚಾಗಿ, ಹಡಗನ್ನೇರಿ ಸಿಂಹಳ, ಬರ್ಮಾ, ಪೂರ್ವ ಆಫ್ರಿಕಗಳನ್ನು ತಲಪಿತು. ಹೆಂಚಿನ ಮೇಲೆ ಕಾರ್ಖಾನೆಯ ಹೆಸರನ್ನು ಅಚ್ಚೊತ್ತುತ್ತಿದ್ದರು.

ಬೆಂಗಳೂರಿನ ಬಳಿಯ ಚಿಕ್ಕಜಾಲದಂತಹ ಊರಿನಲ್ಲಿ, ಕುಸಿದ ಮನೆಯೊಂದರಲ್ಲಿ ‘೧೮೬೫’ ಎಂಬ ಅಚ್ಚುಳ್ಳ ಹೆಂಚು ದೊರೆಯಿತೆಂದು ಭಾವಿಸೋಣ. ಆ ಮನೆ ೧೮೬೫ರಲ್ಲಿ ಕಟ್ಟಿದುದೇ? ಹಾಗೆ ನಿರ್ಧರಿಸುವುದು ಅವಸರವಾದೀತು. ಆ ಅಂಕಿಯು ಕಾರ್ಖಾನೆ ಆರಂಭವಾದ ವರ್ಷವೇ ಹೊರತು ಹೆಂಚು ಸುಟ್ಟ ವರ್ಷವಲ್ಲ. ಮೇಲಾಗಿ, ಹೆಂಚು ಚಿಲುಮೆಯಂತೆ ಅಲ್ಪಾಯುವಲ್ಲ; ಒಂದು ಚಾವಣಿಯಿಂದ ಇಳಿದು ಮತ್ತೊಂದನ್ನು ಏರುವುದುಂಟು. ಗೋಡೆಗಳು ಇನ್ನೂ ಹಳೆಯವಾಗಿರಬಹುದು. ಆ ಹೆಂಚಿನ ಚಾವಣಿಯು ೧೮೬೫ಕ್ಕಿಂತ ಹಿಂದಿನದಲ್ಲವೆಂದು ಮಾತ್ರ ಹೇಳಬಹುದು. ಅಚ್ಚಿನಲ್ಲಿ ‘ಕಾಮನ್‌ವೆಲ್ತ್’ ಎಂದಿದ್ದರೆ ಹೆಂಚು ಮೊದಲನೆಯ ಮಹಾಯುದ್ಧದ ನಂತರದ್ದು. ಆಗ ಮಿಷನ್ನಿನ ಕಾರ್ಖಾನೆಗಳು ಆ ಹೆಸರಿನ ಟ್ರಸ್ಟಿನ ವಶವಾದವು.

ಇಂದು ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ. ದೊರೆತ ವಸ್ತುವು ಎಲ್ಲಿ, ಯಾವ ಪದರದಲ್ಲಿ, ಯಾವುದರ ಜೊತೆಯಲ್ಲಿತ್ತೆಂಬುದನ್ನು ಬರೆದಿಡದೆ ಎತ್ತಿದರೆ ಅದರ ಸಾಕ್ಷ್ಯ ಅಲ್ಲಿಗೇ ಅಳಿಯುತ್ತದೆ. ಬರೆದಿಟ್ಟರೆ, ಹೆಸರುಳಿಯದ ದುಡಿಮೆಗಾರರ ಚರಿತ್ರೆಗೆ ಒಂದು ಪುಟ ಸೇರುತ್ತದೆ.

ಅಭ್ಯಾಸ

೧. ಚಿಲುಮೆಯ ತುಂಡು ಕಾಲನಿರ್ಣಯಕ್ಕೆ ಹೇಗೆ ನೆರವಾಗುತ್ತದೆ?
೨. ಹೆಂಚಿನ ಮೇಲಿನ ಇಸವಿಯಿಂದ ಮನೆಯ ಕಾಲವನ್ನು ಏಕೆ ನಿರ್ಧರಿಸಲಾಗದು?
೩. ನಿಮ್ಮ ಊರಿನ ಹಳೆಯ ಹೆಂಚುಗಳ ಅಚ್ಚುಗಳನ್ನು ನೋಡಿ ಪಟ್ಟಿಮಾಡಿರಿ.