ಪ್ರಾಗ್‌ನಲ್ಲಿ ಟ್ರಾಮ್ ಹತ್ತುವವರ ಗಮನಕ್ಕೆ

ಪ್ರಾಗ್ ನಗರದಲ್ಲಿ 1875ರಲ್ಲಿ ಕುದುರೆ ಎಳೆಯುವ ಟ್ರಾಮ್ ಶುರುವಾಯಿತು. ಈಗಿನದು ವಿದ್ಯುತ್ತಿನದು. ಪ್ರವಾಸಿಗೆ ಬೇಕಾದ ಜಾಗಗಳಿಗೆಲ್ಲ ಬಹುಮಟ್ಟಿಗೆ ಹೋಗುತ್ತದೆ. ಆದರೆ ಒಳಗೆ ಕಂಡಕ್ಟರ್ ಇರುವುದಿಲ್ಲ. ನಮ್ಮವರು ಎಡವುವುದೇ ಇಲ್ಲಿ.

ಮಾಡಬೇಕಾದ್ದು

ಟಿಕೆಟ್‌ಗೆ ಮುದ್ರೆ ಒತ್ತಿಸಿ. ಕಾಗದದ ಟಿಕೆಟ್ ಕೊಂಡು ಪರ್ಸಿನಲ್ಲಿ ಇಟ್ಟುಕೊಂಡರೆ ಅದು ಟಿಕೆಟ್ಟೇ ಅಲ್ಲ. ಹತ್ತಿದ ಕೂಡಲೇ ಬಾಗಿಲ ಹತ್ತಿರದ ಹಳದಿ ಪೆಟ್ಟಿಗೆಯೊಳಗೆ ಅದರ ತುದಿ ತೂರಿಸಿ. ಚರ್ ಎಂದು ದಿನ, ಗಂಟೆ ಅಚ್ಚಾಗುತ್ತದೆ. 30 ನಿಮಿಷದ್ದಾಗಲಿ, 90 ನಿಮಿಷದ್ದಾಗಲಿ, ಲೆಕ್ಕ ಶುರುವಾಗುವುದು ಆ ಅಚ್ಚಿನಿಂದ. ಅಷ್ಟರೊಳಗೆ ಬೇರೆ ಟ್ರಾಮ್, ಮೆಟ್ರೊ, ಬಸ್ ಯಾವುದಕ್ಕಾದರೂ ಬದಲಿಸಿಕೊಳ್ಳಿ, ಆದರೆ ಮತ್ತೆ ಮುದ್ರೆ ಒತ್ತಿಸಬೇಡಿ. ಎರಡು ಮುದ್ರೆ ಬಿದ್ದ ಟಿಕೆಟ್ ನಡೆಯುವುದಿಲ್ಲ. ಟ್ರಾಮಿನೊಳಗಿನ ಯಂತ್ರದಲ್ಲಿ ಬ್ಯಾಂಕ್ ಕಾರ್ಡ್ ತೋರಿಸಿ ಪಡೆದ ಟಿಕೆಟ್‌ನಲ್ಲಿ ಸಮಯ ಮೊದಲೇ ಅಚ್ಚಾಗಿರುತ್ತದೆ. ಅದನ್ನು ಹಳದಿ ಪೆಟ್ಟಿಗೆಗೆ ತೋರಿಸುವುದೇ ಬೇಡ.

ಬಾಗಿಲು ತಾನಾಗಿ ತೆರೆಯಲಿ ಎಂದು ಕಾಯುತ್ತ ನಿಲ್ಲಬೇಡಿ, ಗುಂಡಿ ಒತ್ತಿ.

ಕೋಟೆಗೆ 22ನೇ ನಂಬರ್ ಹಿಡಿಯಿರಿ. ಮಾಲೊಸ್ತ್ರಾನ್ಸ್ಕೆ ಚೌಕದಲ್ಲಿ ಇಳಿದರೆ ಮುಂದೆ ಬರೀ ಏರು, ಮೆಟ್ಟಿಲು. ಪ್ರಾಷ್ಸ್ಕಿ ಹ್ರಾದ್ ಎಂಬ ಸ್ಟಾಪಿನಲ್ಲಿ ಇಳಿಯಿರಿ. ಮಂಡಿನೋವಿನ ಅಮ್ಮನೋ ಅತ್ತೆಯೋ ಜೊತೆಗಿದ್ದರೆ ಇನ್ನೂ ಮುಂದಕ್ಕೆ, ಪೊಹೊರ್ಜೆಲೆಟ್ಸ್‌ವರೆಗೆ ಹೋಗಿ. ಅಲ್ಲಿಂದ ಕೋಟೆಗೆ ಇಳಿಜಾರು.

ಮಾಡಬಾರದ್ದು

ಜೀಬ್ರಾ ಪಟ್ಟೆಯನ್ನು ನಂಬಿ ಹಳಿಗೆ ಕಾಲಿಡಕೂಡದು. ಕಾರು ನಿಮಗಾಗಿ ನಿಲ್ಲಬೇಕು, ಟ್ರಾಮ್ ನಿಲ್ಲಬೇಕಿಲ್ಲ. ಪಟ್ಟೆಯ ಮೇಲೂ ಅದಕ್ಕೇ ಮೊದಲ ಹಕ್ಕು, ಇದು ಅಲ್ಲಿನ ಕಾನೂನು. ಅದೂ ಅಲ್ಲದೆ, ಅಷ್ಟು ಭಾರದ ಗಾಡಿಗೆ ಥಟ್ಟನೆ ನಿಲ್ಲಲೂ ಆಗದು. ಗಂಟೆ ಕೇಳಿಸಿದರೆ ಇದ್ದಲ್ಲೇ ನಿಲ್ಲಿ. ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿ. ಹಳಿಯ ನಡುವೆ ನಿಂತು ಸೆಲ್ಫಿ? ಬೇಡವೇ ಬೇಡ.

22ರಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಬಾಗಿಲ ಬಳಿ ನಿಲ್ಲಬೇಡಿ. ಜೇಬುಗಳ್ಳರಿಗೂ ಅದೇ ನಂಬರ್ ಇಷ್ಟ. ಚೀಲ ಎದೆಯ ಮೇಲಿರಲಿ.

ಸಾದಾ ಬಟ್ಟೆಯಲ್ಲಿ ಬಂದವರು ಟಿಕೆಟ್ ಕೇಳಿದರೆ ಜಗಳ ತೆಗೆಯಬೇಡಿ. ಬಿಲ್ಲೆ ತೋರಿಸಲು ಹೇಳಿ, ತೋರಿಸಿದರೆ ಟಿಕೆಟ್ ಕೊಡಿ. "ಗೊತ್ತಿರಲಿಲ್ಲ ಸಾರ್" ಎಂಬ ಮಾತು ಅಲ್ಲಿ ನಡೆಯದು. ದಂಡ ಕಟ್ಟಲೇಬೇಕಾಗಿ ಬಂದರೆ ರಸೀದಿ ಇಲ್ಲದೆ ದುಡ್ಡು ಕೊಡಬೇಡಿ.

ವಯಸ್ಸಾದವರು ಹತ್ತಿದಾಗ ಕಿಟಕಿಯಾಚೆ ನೋಡುತ್ತ ಕೂರಬೇಡಿ. ಆ ಊರಿನ ಹುಡುಗರು ಕೇಳುವ ಮೊದಲೇ ಎದ್ದು ಸೀಟು ಬಿಡುತ್ತಾರೆ, ನೀವೂ ಬಿಡಿ.

ಮಧ್ಯರಾತ್ರಿಯ ನಂತರ ಹಗಲಿನ ನಂಬರ್‌ಗೆ ಕಾಯಬೇಡಿ. ಆಗ ಓಡುವುದು 91ರಿಂದ 99ರವರೆಗಿನವು. ದಾರಿ ತಪ್ಪಿದರೆ ಲಜಾರ್ಸ್ಕಾ ಸ್ಟಾಪಿಗೆ ಬನ್ನಿ. ರಾತ್ರಿ ಟ್ರಾಮ್‌ಗಳೆಲ್ಲ ಸೇರುವುದು ಅಲ್ಲೇ.