ಸೂತ್ರಕ್ಕೆ ಮೊದಲು ಹೂವಿನ ದರ

ನೋಡಮ್ಮ, ಮೈಸೂರಿನ ಹೈಸ್ಕೂಲಿಗೆ ಗಣಿತದ ಟೀಚರಾಗಿ ಸೇರಿದ್ದೀಯ, ಬಹಳ ಸಂತೋಷ. ಸಂಖ್ಯಾಶಾಸ್ತ್ರದ ಪಾಠದ ಬಗ್ಗೆ ನಿನಗೊಂದು ಮಾತು ಹೇಳಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಅದನ್ನು ಪಾಸಿಂಗ್ ಪ್ಯಾಕೇಜಿಗೆ ಸೇರಿಸಿ ಮುಗಿಸಿಬಿಡುವವರೇ ಹೆಚ್ಚು. ಪಟ್ಟಿ ಹಾಕು, ಸೂತ್ರ ಬರೆ, ಅಂಕ ತಗೋ. ಅಂಕ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಸರಾಸರಿ ತೆಗೆಯಲು ಬರುವ ಮಗುವಿಗೆ ಅದನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬುದೂ ತಿಳಿಯಬೇಕು.

ಸೂತ್ರಕ್ಕೆ ಮೊದಲು ದೇವರಾಜ ಮಾರುಕಟ್ಟೆಯ ಮಲ್ಲಿಗೆ ದರವನ್ನು ಬೋರ್ಡಿನ ಮೇಲೆ ಬರೆ. ಕಿಲೋಗೆ ಆರು ದಿನ 300, 320, 310, 300, 340, 330 ರೂಪಾಯಿ. ಏಳನೆಯ ದಿನ, ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ, 1,600 ಎಂದಿಟ್ಟುಕೊ. ಸರಾಸರಿ 500. ಆ ದರಕ್ಕೆ ಹೂ ಮಾರಿದ ದಿನ ಒಂದಾದರೂ ಇದೆಯೇ ಅಂತ ಕೇಳು. ಇಲ್ಲ! ಏರಿಕೆ ಕ್ರಮದಲ್ಲಿ ಬರೆಸು: ಮಧ್ಯಾಂಕ 320, ಬಹುಲಕ 300. ಹಾಗಾದರೆ ಯಾವುದು ಸರಿ? ಮಕ್ಕಳು ವಾದ ಮಾಡಲಿ, ತಡೆಯಬೇಡ. ಮಾಮೂಲಿ ದಿನ ಹೂ ಕೊಳ್ಳಲು ಹೊರಟ ತಾಯಿಗೆ 320 ದಾರಿ ತೋರಿಸುತ್ತದೆ. ದಿನವೂ ಒಂದೇ ತೂಕದ ಹೂ ತರುವ ಬೆಳೆಗಾರ ವಾರದ ದುಡಿಮೆ ಲೆಕ್ಕ ಹಾಕಲು 500 ಬೇಕು. ಕೇಳುವ ಪ್ರಶ್ನೆ ಬದಲಾದರೆ ಅಳತೆಯೂ ಬದಲಾಗುತ್ತದೆ. ಇದು ಒಮ್ಮೆ ಮನಸ್ಸಿಗೆ ಹತ್ತಿತೆಂದರೆ ಮೂರು ಅಳತೆಗಳು ಏಕಿವೆ ಎಂದು ಬೇರೆ ವಿವರಿಸಬೇಕಾಗಿಲ್ಲ.

ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಬರುವ ಕೆಆರ್‌ಎಸ್ ನೀರಿನ ಮಟ್ಟವನ್ನು ಒಂದು ತಿಂಗಳು ಬರೆದಿಡಲು ಹೇಳು. ಗರಿಷ್ಠ ಮಟ್ಟ 124.80 ಅಡಿ. ನಕ್ಷೆ ಎಳೆದ ಮೇಲೆ ಕೇಳು: ತಳದ ಒಂದು ಅಡಿಯಲ್ಲೂ ಮೇಲಿನ ಒಂದು ಅಡಿಯಲ್ಲೂ ಇರುವ ನೀರು ಒಂದೇನಾ? ಮೇಲಕ್ಕೆ ಹೋದಂತೆ ಜಲಾಶಯ ಅಗಲವಾಗುವುದರಿಂದ ಮೇಲಿನ ಅಡಿಗೆ ನೀರು ಹೆಚ್ಚು. ಒಂದು ಅಂಕಿ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂದು ಅಲ್ಲಿ ಕಲಿಯುತ್ತಾರೆ.

ಆಮೇಲೆ ಸೂತ್ರಕ್ಕೆ ಬಾ. ವರ್ಗಾಂತರದ ಪಟ್ಟಿಯನ್ನೂ ಅವರೇ ತಂದ ಅಂಕಿಗಳಿಂದ ಮಾಡಿಸು. ಒಂದು ವರ್ಗದ ಎಲ್ಲ ಬೆಲೆಗಳೂ ಮಧ್ಯಬಿಂದುವಿನಲ್ಲೇ ಇವೆ ಎಂದು ನಾವು ಒಪ್ಪಿಕೊಂಡು ಸರಾಸರಿ ತೆಗೆಯುತ್ತೇವೆ, ಆದ್ದರಿಂದ ಬರುವುದು ಅಂದಾಜು ಎಂದು ಬಿಡಿಸಿ ಹೇಳು. ಮೂಲ ಅಂಕಿಗಳ ಸರಾಸರಿಯ ಜೊತೆ ಹೋಲಿಸಿ ನೋಡಲಿ.

ಸಮಯವಿಲ್ಲ ಅಂತ ಹೇಳಬೇಡಮ್ಮ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸರ ಹುಟ್ಟುಹಬ್ಬವಾದ ಜೂನ್ 29 ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನ. ಶಾಲೆ ಶುರುವಾದ ಹೊಸತರಲ್ಲೇ ಬರುತ್ತದೆ. ಜಗತ್ತು ಗೌರವಿಸಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ ಎಂದು ಅಂದು ಮಕ್ಕಳಿಗೆ ಹೇಳು, ಅಂಕಿ ಬರೆಯುವ ಪುಸ್ತಕವನ್ನು ಅಂದೇ ಶುರು ಮಾಡಿಸು. ಪಾಠ ಬರುವ ಹೊತ್ತಿಗೆ ಲೆಕ್ಕಗಳು ಅವರ ಕೈಯಲ್ಲೇ ಇರುತ್ತವೆ.