ವೈಶಾಲಿ ಕಾಸರವಳ್ಳಿ: ನಟಿಯ ದುಡಿಮೆ, ಮನೆಯ ಮಾತು

ನಟಿಯ ಬಾಳನ್ನು ಅರಿಯಬೇಕಾದರೆ ಆಕೆಯ ದುಡಿಮೆಯನ್ನು ನೋಡಬೇಕು. ವೈಶಾಲಿಯವರು 1952ರಲ್ಲಿ ಗುಲಬರ್ಗಾದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ ಜನಿಸಿದರು, ರಂಗಭೂಮಿಯಲ್ಲಿ ಪಳಗಿದರು. 1980ರ ದಶಕದಲ್ಲಿ ಶಂಕರನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬಂದಾಗ, ಬಾಲಕ ಸ್ವಾಮಿಯ ತಾಯಿಯಾಗಿ ದೇಶಕ್ಕೆಲ್ಲ ಪರಿಚಿತರಾದರು. ಹಿಂದಿಯಲ್ಲಿ ಮಾತನಾಡಿದ ಆ ತಾಯಿ ನಮ್ಮ ನಾಡಿನವರೆಂದು ಮುಂಬಯಿಯಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ಪತಿ ಗಿರೀಶ ಕಾಸರವಳ್ಳಿಯವರು ಹೆಸರಾಂತ ಚಿತ್ರನಿರ್ದೇಶಕರು. ಮಗ ಅಪೂರ್ವ, ಮಗಳು ಅನನ್ಯಾ ಇಬ್ಬರೂ ಅದೇ ಹಾದಿ ಹಿಡಿದರು. ಆದರೂ ವೈಶಾಲಿಯವರ ಹೆಸರು ಸ್ವಂತ ಗಳಿಕೆಯೇ ಸರಿ. ಪತಿಯ 'ತಾಯಿಸಾಹೇಬ' ಚಿತ್ರದ ವೇಷಭೂಷಣಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದರು. ಮುಂದೆ ತಾವೇ 'ಮೂಡಲಮನೆ' ಧಾರಾವಾಹಿಯನ್ನು ನಿರ್ದೇಶಿಸಿ, ಉತ್ತರ ಕರ್ನಾಟಕದ ಕೂಡು ಕುಟುಂಬವನ್ನೂ ಅಲ್ಲಿಯ ಆಡುಮಾತನ್ನೂ ಕಿರುತೆರೆಗೆ ತಂದರು. ಹಾಸ್ಯಪಾತ್ರದ ಬಾಯಿಗೆ ಹಾಕಿ ನಗಿಸುವ ಆ ಮಾತಿನಲ್ಲಿಯೇ ಇಡೀ ಮನೆಯ ಸುಖದುಃಖವನ್ನು ಹೇಳಿಸಿದರು. 2010ರಲ್ಲಿ, 58ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಊರಿನ ಮಾತು ಬಾಯಿಗೆ ಬಂದೀತೆಂದು ನಾಲ್ಕು ಜನರೆದುರು ತಡವರಿಸುವ ನಮ್ಮ ತರುಣರು ಇದನ್ನು ನೆನೆಯಬೇಕು. ಹೊಟ್ಟೆಪಾಡಿಗೆ ಹಿಂದಿ, ಮರಾಠಿ, ಇಂಗ್ಲಿಷ್ ಎಲ್ಲವನ್ನೂ ಕಲಿಯೋಣ. ತಾಯಿ ಕಲಿಸಿದ ಮಾತಿಗೆ ಮಾತ್ರ ನಾಚುವುದು ಬೇಡ.